ಒದ್ದೆ ಪಾಚಿಯ ಮೇಲೆ ದಂಡನಾಯಕ

ಮಾರ್ಚ್ ೨೯, ಬೆಳಗ್ಗೆ

ದಂಡನಾಯಕ ನಾಲ್ಕು ಜೀರುಂಡೆ ನುಂಗಿದ. ನನ್ನ ಬೆರಳನ್ನೂ ಒಮ್ಮೆ ನೋಡಿದ, ಬಿಟ್ಟ. ಗೌರವ ಇದೆ.

ತಂಗಿಯ ಮಗಳು ನೆವೇನಾ ಝ್ಲಾತಿಬೋರ್ ಬೆಟ್ಟದ ಹೋಟೆಲಿಗೆ ಕೆಲಸಕ್ಕೆ ಹೋಗುವಾಗ ಗಾಜಿನ ಪೆಟ್ಟಿಗೆ ಸಮೇತ ಇವನನ್ನು ನಮ್ಮಲ್ಲಿ ಬಿಟ್ಟಳು. ಚಿರತೆ ಹಲ್ಲಿ. ಹಳದಿ ಮೈ, ಕಪ್ಪು ಚುಕ್ಕೆ, ಮೂಲಂಗಿಯಂಥ ಬಾಲ. ಈಸ್ಟರ್‌ಗೆ ಬಂದು ಒಯ್ಯುತ್ತಾಳಂತೆ. "ಮಾವ, ಇವನಿಗೇನಾದ್ರೂ ಆದ್ರೆ ನಾನು ನಿಮ್ಮನೆ ಹೊಸ್ತಿಲು ತುಳಿಯಲ್ಲ" ಅಂದಳು. ಹಂದಿ, ಮೇಕೆ, ಟರ್ಕಿ ಕೋಳಿ, ಹುಚ್ಚು ಹೋರಿ — ಎಲ್ಲ ಸಾಕಿದ ಕೈ ಇದು. ಹಲ್ಲಿ ಯಾವ ಲೆಕ್ಕ?

ಪೆಟ್ಟಿಗೆಯ ಮೂಲೆಯಲ್ಲೊಂದು ಐಸ್‌ಕ್ರೀಮ್ ಡಬ್ಬಿ. ಪಕ್ಕಕ್ಕೆ ತೂತು, ಒಳಗೆ ಒದ್ದೆ ಪಾಚಿ. ನನ್ನ ಹೆಂಡತಿ ಸ್ತಾನಾ ಅದನ್ನು ಮುಟ್ಟಿ ನೋಡಿ ಹೌಹಾರಿದಳು.

"ಒದ್ದೆ ಮೇಲೆ ಕೂರಿಸ್ತಾರಾ ಯಾರಾದ್ರೂ? ಹೆಣ್ಣಾದ್ರೆ ಗರ್ಭಕೋಶಕ್ಕೆ ಥಂಡಿ, ಗಂಡಾದ್ರೆ ಸೊಂಟಕ್ಕೆ ಥಂಡಿ!"

ನೆವೇನಾ ಚಿಕ್ಕವಳಿದ್ದಾಗ ದಿಂಬಿಲ್ಲದೆ ಮೆಟ್ಟಿಲ ಮೇಲೆ ಕೂರಲು ಬಿಟ್ಟವಳಲ್ಲ ಇವಳು. ನನಗೂ ಸರಿ ಅನ್ನಿಸಿತು. ಪಾಚಿ ಒಲೆಯ ಮೇಲೆ ಒಣಗಿತು. ಡಬ್ಬಿಯೊಳಗೆ ನನ್ನ ಹಳೆಯ ಉಣ್ಣೆ ಕಾಲುಚೀಲ. ಪೆಟ್ಟಿಗೆಯನ್ನೂ ಒಲೆಯ ಪಕ್ಕಕ್ಕೆ ಎಳೆದೆವು. ರಾಜಭೋಗ.

ಏಪ್ರಿಲ್ ೨

ಬಣ್ಣ ಮಾಸಿದೆ, ಹಿಟ್ಟಿನ ಚೀಲದಿಂದ ಎದ್ದು ಬಂದವನ ಹಾಗೆ. ಪೊರೆ ಬಿಡುವ ಹೊತ್ತು. ಬ್ಲಾಗೋಯೆ ಬಂದು ನೋಡಿದ. ನನ್ನ ಮದುವೆಗೆ ಸಾಕ್ಷಿ ನಿಂತವನು, ಅಂದಿನಿಂದ 'ಕೂಮ' ಎನ್ನುತ್ತಾನೆ, ಅಂದಿನಿಂದಲೇ ನನ್ನ ರಾಕಿಯಾ ಸಾರಾಯಿ ಕುಡಿಯುತ್ತಾನೆ.

"ಕೂಮ, ಇದು ಸತ್ತಿದೆ ಕಣೋ."

"ನೀನೂ ಬೆಳಗ್ಗೆ ಹೊತ್ತು ಹೀಗೇ ಇರ್ತೀಯ, ಹೂತಿದ್ದೀವಾ?"

ಏಪ್ರಿಲ್ ೩

ಪೊರೆ ಕಳಚಿತು. ತಾನೇ ಎಳೆದು ತಾನೇ ತಿಂದ! ಬಿಚ್ಚಿದ ಅಂಗಿಯನ್ನೇ ಊಟ ಮಾಡುವವನನ್ನು ಇದೇ ಮೊದಲು ಕಂಡೆ. ಮಿತವ್ಯಯ ಅಂದರೆ ಇದು.

ಆದರೆ ಬೆರಳುಗಳಲ್ಲಿ ಬಿಳಿ ಉಂಗುರದಂತೆ ಉಳಿದಿದೆ. ಒಣ ಕಾಗದ ಸುತ್ತಿದ ಹಾಗೆ. ಒಂದು ಬೆರಳು ಊದಿದೆ. ನೆವೇನಾಗೆ ವಿಡಿಯೋದಲ್ಲಿ ತೋರಿಸಿದೆ.

"ಪಾಚಿ ಎಲ್ಲಿ ಮಾವ? ಅದೇನು... ಕಾಲುಚೀಲಾನಾ?!"

"ನಿಮ್ಮತ್ತೆ..."

"ಅತ್ತೆ ಮೇಲೆ ಹಾಕ್ಬೇಡಿ! ಪೆಟ್ಟಿಗೆಯೆಲ್ಲ ಒಣಗಿರ್ಲಿ, ಅವನಿಗೆ ಬೇಕಿರೋದೂ ಅದೇ. ಆದ್ರೆ ಒಂದು ಮೂಲೆ ಒದ್ದೆ ಇರ್ಲೇಬೇಕು. ಇಲ್ದಿದ್ರೆ ಪೊರೆ ಬಿಗಿದು ಬೆರಳೇ ಉದುರಿ ಹೋಗತ್ತೆ!"

ಹುಚ್ಚು ಹೋರಿ ಕೂಡ ನನ್ನ ಮೇಲೆ ಹೀಗೆ ಕಿರುಚಿರಲಿಲ್ಲ.

ಏಪ್ರಿಲ್ ೫

ಗೆದ್ದೆ! ಉಗುರುಬೆಚ್ಚಗಿನ ನೀರು, ತಟ್ಟೆಯಲ್ಲಿ ಬೆರಳು ಮುಳುಗುವಷ್ಟೇ. ನಿನ್ನೆಯೂ ಕೂರಿಸಿದೆ, ಇಂದೂ ಕೂರಿಸಿದೆ. ಕಿವಿಯ ಹತ್ತಿಕಡ್ಡಿಯಿಂದ ಮೆಲ್ಲಗೆ ಉರುಳಿಸಿದೆ, ಎಳೆಯಲಿಲ್ಲ. ಒಂದೊಂದಾಗಿ ಬಿಟ್ಟವು. ಊತವೂ ಇಳಿಯುತ್ತಿದೆ. ಈ ದಪ್ಪ ಕೈಯಿಂದ! ಬ್ಲಾಗೋಯೆ ಸೂಜಿಗೆ ದಾರ ಪೋಣಿಸಲಾರ.

ಪಾಚಿ ಮತ್ತೆ ಒದ್ದೆ. ಪೆಟ್ಟಿಗೆ ಒಲೆಯಿಂದ ದೂರ. ಸ್ತಾನಾ ಮುಖ ತಿರುಗಿಸಿಕೊಂಡಿದ್ದಾಳೆ. "ಸೊಂಟ ಹಿಡಿದ ಮೇಲೆ ನನ್ನ ಹತ್ರ ಬರ್ಬೇಡಿ ಇಬ್ರೂ."

ಏಪ್ರಿಲ್ ೯, ಸಂಜೆ

ಹೊಟ್ಟೆ ಭರ್ಜರಿಯಾಗಿದೆ. ಹೋಟೆಲ್ ಬೆಟ್ಟಕ್ಕೇ ಕೇಳುವಂತೆ ಹೇಳಿದೆ ನೆವೇನಾಗೆ: "ನಿನ್ನ ಕೈಲಿ ಕಡ್ಡಿ ಆಗಿದ್ದ, ನನ್ನ ಕೈಲಿ ಮೇಯರ್ ಆಗಿದ್ದಾನೆ." ಕೆಳಗಿನಿಂದ ತೋರಿಸಿ ಅಂದಳು. ಗಾಜಿಗೆ ಹೊಟ್ಟೆ ಒತ್ತಿ ನಿಂತಿದ್ದ. ಚರ್ಮದೊಳಗೆ ಎರಡು ಬಿಳಿ ಉಂಡೆ, ಅಕ್ಕಪಕ್ಕ.

ಅವಳು ಫೋನಿಗೆ ಮುಖ ಹತ್ತಿರ ತಂದು ನೋಡಿದಳು. ಆಮೇಲೆ — "ಮಾವ, ಮೊಟ್ಟೆ."

ದಂಡನಾಯಕಿ! ಮಾರಿದವನು ಗಂಡು ಅಂತ ಆಣೆ ಇಟ್ಟಿದ್ದನಂತೆ. ಗಂಡಿನ ಜೊತೆ ಇಲ್ಲದೆಯೂ ಇಡುತ್ತವೆ, ಕೋಳಿಯ ಹಾಗೆ. ಮರಿ ಬರುವುದಿಲ್ಲ. ಆದರೆ ಇಡಲೇಬೇಕು. ತೋಡಿ ಹೂಳಲು ಒದ್ದೆ ಜಾಗ ಸಿಗದಿದ್ದರೆ ಒಳಗೇ ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡರೆ ಸಾಯುತ್ತದೆ.

ಸ್ತಾನಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಹೆಣ್ಣು, ಬಸುರಿ, ಒದ್ದೆ ಮೇಲೆ ಕೂತ್ರೆ ತಾನೇ ಬದುಕೋದು?" ಅವಳ ಜೀವಮಾನದ ವೈದ್ಯಶಾಸ್ತ್ರವೇ ಬುಡಮೇಲು. ನಾನು ನಗಲಿಲ್ಲ. ಕೊಟ್ಟಿಗೆಗೆ ಹೋಗಿ ನಕ್ಕೆ.

ಏಪ್ರಿಲ್ ೧೪

ತಿನ್ನುತ್ತಿಲ್ಲ. ಕ್ಯಾಲ್ಸಿಯಂ ಪುಡಿ ಹಚ್ಚಿದ ಜೀರುಂಡೆಯನ್ನೂ ಮೂಸಲಿಲ್ಲ. ಪೆಟ್ಟಿಗೆಯ ಎಲ್ಲ ಮೂಲೆ ಕೆರೆಯುತ್ತಾಳೆ, ಡಬ್ಬಿಯೊಳಗೆ ಮಾತ್ರ ಹೋಗಿ ಹೋಗಿ ಬರುತ್ತಾಳೆ. ನೆವೇನಾ ಹೇಳಿದಂತೆ ಪಾಚಿಯ ಕೆಳಗೆ ತೆಂಗಿನ ನಾರಿನ ಪುಡಿ ಹಾಕಿದೆ, ಕೈಬೆರಳು ಮುಳುಗುವಷ್ಟು ಆಳ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಬಿಟ್ಟರೆ ಉಂಡೆಯಾಗಿ ನಿಲ್ಲಬೇಕು. ಅದನ್ನು ನನಗೆ ಹೇಳಿಕೊಡಬೇಕೆ? ಬೀಜದ ಮಡಿಯ ಮಣ್ಣೂ ಹಾಗೆಯೇ.

ಮುಚ್ಚಳ ತೆಗೆದು ನೋಡಿದೆ. ಇಲ್ಲ. ಮತ್ತೆ ನೋಡಿದೆ. ಇಲ್ಲ.

ಏಪ್ರಿಲ್ ೧೬

ಮೊಟ್ಟೆ ಇಲ್ಲ. ಊಟ ಸೇರಲಿಲ್ಲ — ನನಗೂ. ನೆವೇನಾ ಊರಿನ ಪಶುವೈದ್ಯರ ನಂಬರ್ ಕಳಿಸಿದ್ದಾಳೆ. ಶನಿವಾರದವರೆಗೆ ಕಾದು ಒಯ್ಯಿರಿ ಅಂದಳು. ಅವಳ ದನಿ ಸಣ್ಣಗಿತ್ತು.

ಟಾರ್ಚ್ ಹಿಡಿದು ಮತ್ತೆ ಮುಚ್ಚಳ ಎತ್ತಿದ್ದೆ, ಸ್ತಾನಾ ಕೈಗೆ ಹೊಡೆದಳು.

"ಓ ಮಹಾರಾಯ! ನಾನು ಹೆರಿಗೆ ಕೋಣೇಲಿದ್ದಾಗ ನೀನು ಹೀಗೆ ಗಳಿಗೆಗೊಂದು ಸಲ ಇಣುಕಿದ್ರೆ ನಮ್ಮ ಮಿಲೋಯೆ ಇನ್ನೂ ಒಳಗೇ ಇರ್ತಿದ್ದ!"

ಪೆಟ್ಟಿಗೆಯ ಮೇಲೆ ಹಬ್ಬದ ಮೇಜುಬಟ್ಟೆ ಹೊದಿಸಿದಳು. ಆ ಕೋಣೆಗೆ ನನಗೆ ಪ್ರವೇಶವಿಲ್ಲ. ಬ್ಲಾಗೋಯೆಗಂತೂ ಅಂಗಳದಲ್ಲೇ ತಡೆ. ಹೆಣ್ಣುಮಕ್ಕಳ ವಿಚಾರವಂತೆ.

ಏಪ್ರಿಲ್ ೧೮, ಶುಭ ಶುಕ್ರವಾರ

ಅಡುಗೆಮನೆಯಲ್ಲಿ ಈರುಳ್ಳಿ ಸಿಪ್ಪೆ ಕುದಿಯುತ್ತಿತ್ತು, ಮೊಟ್ಟೆಗೆ ಕೆಂಪು ಹಾಕಲು. ಸ್ತಾನಾ ಕೋಣೆಗೆ ಹೋದವಳು ಅಲ್ಲಿಂದಲೇ ಕೂಗಿದಳು. ಓಡಿದೆ. ಚಪ್ಪಲಿ ಒಂದೇ ಕಾಲಲ್ಲಿ.

ದಂಡನಾಯಕಿ ಡಬ್ಬಿಯ ಬಾಗಿಲಲ್ಲಿ ಮಲಗಿದ್ದಾಳೆ. ಹೊಟ್ಟೆ ಖಾಲಿ ಚೀಲ. ಪಾಚಿ ಸರಿಸಿದರೆ ಎರಡು ಮೊಟ್ಟೆ! ಉದ್ದ, ಮೆದು, ತೊಗಲಿನಂಥವು.

"ಮರಿ ಬರಲ್ಲ ತಾನೆ?" ಅಂದಳು ಸ್ತಾನಾ, ಕಣ್ಣೊರೆಸಿಕೊಂಡು. ಬಣ್ಣ ಆರಿಸಿ ಆ ಎರಡನ್ನೂ ಮೆಲ್ಲಗೆ ಇಳಿಸಿದಳು, ಕೋಳಿಮೊಟ್ಟೆಗಳಿಗಿಂತ ಮೊದಲು. ಮೊದಲ ಕೆಂಪು ಮೊಟ್ಟೆ ವರ್ಷವಿಡೀ ಮನೆ ಕಾಯುತ್ತದೆ. ಈ ವರ್ಷ ನಮ್ಮ ಮನೆಯನ್ನು ಹಲ್ಲಿ ಕಾಯುತ್ತದೆ. ಒಂದು ಸಂತರ ಪಟದ ಮುಂದೆ. ಇನ್ನೊಂದು ನನ್ನ ಜೇಬಿನಲ್ಲಿ. ಯಾಕೆ ಅಂತ ಯಾರಿಗೂ ಹೇಳಿಲ್ಲ.

ಆದರೆ ದಂಡನಾಯಕಿ ಏಳುತ್ತಿಲ್ಲ. ತಿನ್ನುತ್ತಿಲ್ಲ. "ತಿಂದ್ರೆ ಗೆದ್ದಳು ಅಂತ" ಎಂದಳು ನೆವೇನಾ.

ಏಪ್ರಿಲ್ ೨೦, ಈಸ್ಟರ್

ಬೆಳಗಿನ ಬಸ್ಸಿಗೆ ನೆವೇನಾ ಬಂದಳು. ಹೊಸ್ತಿಲು ತುಳಿದಳು! "ಕ್ರಿಸ್ತ ಎದ್ದಿದ್ದಾನೆ" ಅಂದೆ. "ನಿಜವಾಗಿಯೂ ಎದ್ದಿದ್ದಾನೆ" ಅನ್ನುತ್ತಲೇ ಪೆಟ್ಟಿಗೆಯ ಕಡೆ ಹೋಗಿಬಿಟ್ಟಳು.

ಇತ್ತ ಮೊಟ್ಟೆ ಕುಟ್ಟುವ ಪಂದ್ಯ. ಯಾರದು ಒಡೆಯುವುದಿಲ್ಲವೋ ಅವರು ಗೆದ್ದರು. ನನ್ನ ಮುಷ್ಟಿಯಿಂದ ಪುಟ್ಟ ಕೆಂಪು ತುದಿ ಮಾತ್ರ ಹೊರಗೆ. ಬ್ಲಾಗೋಯೆ ಕುಟ್ಟಿದ, ಕುಟ್ಟಿದ. ತಗ್ಗಾಗುತ್ತದೆ, ಒಡೆಯುವುದಿಲ್ಲ.

"ಕೂಮ, ಇದು ಯಾವ ಕೋಳೀದೋ?"

"ದಂಡಿನ ಕೋಳಿ."

ಅಷ್ಟರಲ್ಲಿ ನೆವೇನಾ ಬೆರಳೆತ್ತಿ ಸುಮ್ಮನಿರಿ ಅಂದಳು. ಎಲ್ಲರೂ ಮೆಲ್ಲಗೆ ಹೋದೆವು. ಇಕ್ಕಳದ ತುದಿಯಲ್ಲಿ ಜೀರುಂಡೆ. ದಂಡನಾಯಕಿ ಎದ್ದಳು. ಬಾಲದ ತುದಿ ನಡುಗಿತು. ನೋಡಿದಳು... ನೋಡಿದಳು... ಚಟ್!

ನೆವೇನಾ ನನ್ನ ಕೊರಳಿಗೆ ಜೋತುಬಿದ್ದಳು. ಸ್ತಾನಾ ಶಿಲುಬೆ ಗುರುತು ಹಾಕಿಕೊಂಡಳು. "ನಾನು ಮೊದಲೇ ಹೇಳಿದ್ದೆ" ಅಂದೆ, ಏನನ್ನು ಹೇಳಿದ್ದೆನೋ ತಿಳಿಯದು.

ಈಗ ಎರಡನೆಯ ಜೀರುಂಡೆಯನ್ನೂ ತಿಂದಳಂತೆ, ಕೂಗುತ್ತಿದ್ದಾರೆ. ಮೂರನೆಯದು ಬ್ಲಾಗೋಯೆ ಕೈಯಿಂದ ತಪ್ಪಿಸಿಕೊಂಡು ಸ್ತಾನಾಳ ವಾಲ್‌ನಟ್ ಕೇಕಿನ ಮೇಲೆ —