ಹಾಳೆಗೆ ಅಂಟಿಸಿದ ನಾಲ್ಕು ಮಾತ್ರೆಗಳು

ಆಸ್ಪತ್ರೆಯ ಔಷಧಿ ಕೌಂಟರಿನ ಸುಪಾಣಿ ಅಕ್ಕನಿಗೆ,

ಈ ಕಾಗದ ಕೊಡುವ ಡ್ರೈವರ್ ಜೊತೆ ನನ್ನ ಅಪ್ಪ ಥೊಂಗ್‌ಮಾ ಬಂದಿದ್ದಾರೆ. ಹೃದಯದ ಕವಾಟ ಬದಲಿಸಿದ ಮೇಲೆ, ರಕ್ತ ಹೆಪ್ಪುಗಟ್ಟದಂತೆ ನೀವೇ ಕೊಡುವ ನೀಲಿ ಮಾತ್ರೆ ತಿನ್ನುವವರು. ನಿನ್ನೆಯಿಂದ ಒಸಡಿನ ರಕ್ತ ನಿಂತಿಲ್ಲ. ಬೆಳಗ್ಗೆ ಮೂತ್ರವೂ ಕೆಂಪಗಿತ್ತು.

ಐದು ದಿನದ ಹಿಂದೆ ಅವರಿಗೆ ಹಲ್ಲುನೋವು. ನಾಟಿ ಬಿಟ್ಟು ಪಟ್ಟಣಕ್ಕೆ ಬರಲೊಲ್ಲೆ ಎಂದರು. ನನ್ನ ಕಿರಾಣಿ ಅಂಗಡಿಯಲ್ಲಿ ನೋವೆಂದು ಬಂದವರಿಗೆಲ್ಲ ಕೊಡುವ, ಒಂದು ಹೊತ್ತಿಗೆ ನಾಲ್ಕು ಬಗೆಯ ಮಾತ್ರೆ ಸೇರಿಸಿ ಕಟ್ಟಿದ ಪೊಟ್ಟಣಗಳನ್ನೇ ಕೊಟ್ಟೆ. "ಹಳದಿ ಕಾರ್ಡ್ ಇದೆಯಾ ಅಂತ ಕೇಳ್ದೆ ಯಾರಿಗೂ ಏನೂ ಕೊಡಬೇಡ ಕಣೆ" ಎಂದು ನೀವು ಗದರಿದ ಮೇಲೆ ಎಲ್ಲರನ್ನೂ ಕೇಳುತ್ತಿದ್ದೇನೆ. ಅಪ್ಪನನ್ನು ಕೇಳಲಿಲ್ಲ. ನೀಲಿ ಮಾತ್ರೆ ತಿನ್ನುವವರೆಂದು ನೀವೇ ಬರೆದುಕೊಟ್ಟ ಅವರ ಹಳದಿ ಕಾರ್ಡು ನಮ್ಮ ಅಡುಗೆಮನೆಯ ಗೋಡೆಯಲ್ಲೇ ನೇತಾಡುತ್ತಿದೆ.

ಪೊಟ್ಟಣದ ಮೇಲೆ ಮಾತ್ರೆಗಳ ಹೆಸರಿರುವುದಿಲ್ಲ. ಅಂಥದ್ದೇ ಇನ್ನೊಂದನ್ನು ಬಿಚ್ಚಿ, ಅಂಟಕ್ಕಿಯ ಅನ್ನ ಹಚ್ಚಿ ನಾಲ್ಕನ್ನೂ ಕೆಳಗೆ ಅಂಟಿಸಿದ್ದೇನೆ. ಕೆಂಪು-ಕಪ್ಪು ಕ್ಯಾಪ್ಸೂಲು ಆ್ಯಂಟಿಬಯಾಟಿಕ್. ಉಳಿದವು ಏನೆಂದು ನನಗೂ ಗೊತ್ತಿಲ್ಲ. ದಿನಕ್ಕೆ ಮೂರು ಪೊಟ್ಟಣದಂತೆ ತಿಂದಿದ್ದಾರೆ, ನೀಲಿ ಮಾತ್ರೆಯನ್ನೂ ಬಿಟ್ಟಿಲ್ಲ. ಯಾವುದು ಯಾವುದಕ್ಕೆ ಆಗುವುದಿಲ್ಲವೋ ಬೇಗ ನೋಡಿ ಡಾಕ್ಟರಿಗೆ ಹೇಳಿ.

ನಾನೂ ಜೊತೆಗೆ ಬರಬೇಕಿತ್ತು. ಆದರೆ ಈ ವಾರ ಇದೇ ಪೊಟ್ಟಣ ಇನ್ನೂ ಹನ್ನೊಂದು ಮನೆಗೆ ಹೋಗಿದೆ. ಎಲ್ಲವನ್ನೂ ವಾಪಸು ತಂದು ಸಂಜೆಯ ಗಾಡಿಗೆ ಬರುತ್ತೇನೆ. ಅಂಗಡಿಯ ಮೇಲೆ ದೂರು ಕೊಡುವ ವಿಚಾರ ಆಮೇಲೆ ನಿಮ್ಮಿಷ್ಟ.

ಗಾಡಿ ಹತ್ತುವಾಗ ಅಪ್ಪ, "ಗದ್ದೆ ಬದುವಲ್ಲಿ ಜಾರಿಬಿದ್ದೆ ಅಂತ ಹೇಳ್ತೀನಿ. ನಿನ್ನ ಅಂಗಡಿ ಸುದ್ದೀನೇ ಎತ್ತಲ್ಲ. ಅಳಬೇಡ, ಹುಚ್ಚಿ" ಎಂದರು.

ಅಕ್ಕಾ, ದಯವಿಟ್ಟು ಅವರ ಮಾತು ನಂಬಬೇಡಿ.

ಅವರ ಮಗಳು,
ಬುವಾಲೈ