ಒಂದೇ ಪೆಟ್ಟಿಗೆಯಲ್ಲಿ ತವರೂ ಅತ್ತೆಮನೆಯೂ

ಸ್ಟುಡಿಯೋದಿಂದ,
ಸೋಮವಾರ, ಗಿರಾಕಿಗಳಿಲ್ಲದ ಹೊತ್ತು

ರೀ,

ಎಷ್ಟು ಸಲ ಫೋನ್ ಮಾಡಿದರೂ ಎತ್ತದವರಿಗೆ ಇನ್ನೇನು ಮಾಡಲಿ, ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ. ಮನೆಗೆ ಬನ್ನಿ ಎಂದು ಗೋಗರೆಯಲು ಬರೆದಿದ್ದೇನೆ ಎಂದು ಮಾತ್ರ ತಿಳಿಯಬೇಡಿ. ಸಿಟ್ಟಿನಲ್ಲಿ ಟ್ರೈಪಾಡ್ ಹೊತ್ತುಕೊಂಡು ಹೋದಿರಿ, ಅಂಗಿಗಳನ್ನೆಲ್ಲ ಇಲ್ಲೇ ಬಿಟ್ಟಿರಿ. ನಿಮ್ಮ ಅಕ್ಕನ ಮನೆಯಲ್ಲಿ ಟ್ರೈಪಾಡ್ ಸುತ್ತಿಕೊಂಡು ಓಡಾಡುತ್ತಿದ್ದೀರೋ ಏನೋ. ಅಂಗಿಗಳನ್ನು ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಕಳಿಸಬೇಕೋ ಬೇಡವೋ ತಿಳಿಸಿ, ಅಷ್ಟೇ ವಿಷಯ.

ಅಷ್ಟೇ ಅಲ್ಲ. ನಮ್ಮ ಗಡಿಯಾರ ಕೆಡಿಸುತ್ತಿದ್ದ ಕಳ್ಳ ಸಿಕ್ಕಿಬಿದ್ದಿದ್ದಾನೆ. ಅದನ್ನು ಮೊದಲಿಂದ ಹೇಳುತ್ತೇನೆ. ನಡುವೆ ಬಾಯಿ ಹಾಕಲು ನೀವಿಲ್ಲ, ಇಂಥ ಸುಯೋಗ ನನಗೆ ಮತ್ತೆ ಸಿಗುವುದಿಲ್ಲ.

ನಮ್ಮ ಸ್ಟುಡಿಯೋದ ಕಂಪ್ಯೂಟರ್ ಮುದಿಯಾಗಿ ಆಲ್ಬಂನ ಒಂದು ಪುಟ ತೆರೆಯಲು ಏದುಸಿರು ಬಿಡುತ್ತಿದ್ದಾಗ, ಹೊಸದು ತರೋಣ ಎಂದವಳು ನಾನು. ಬೇಡ ಎಂದವರು ನೀವು. ಕೊನೆಗೆ ರಿಪೇರಿ ಅಂಗಡಿಯ ನನ್ನ ತಮ್ಮ ಬಂದು, ಅದೇ ಪೆಟ್ಟಿಗೆಯಲ್ಲಿ ಅರ್ಧ ಜಾಗ ಬಿಡಿಸಿ ಇನ್ನೊಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟ. ನಿಮ್ಮ ಫೋಟೋ ತಿದ್ದುವ ಸಾಫ್ಟ್‌ವೇರಿಗೂ ಪ್ರಿಂಟರಿಗೂ ಹಳೇ ಸಿಸ್ಟಂ, ನನ್ನ ಆಲ್ಬಂ ಕೆಲಸಕ್ಕೆ ಹೊಸದು. ಒಂದು ಎದ್ದಿದ್ದರೆ ಇನ್ನೊಂದು ಮಲಗಿರಬೇಕು. ಬದಲಿಸಬೇಕೆಂದರೆ ಎಲ್ಲವನ್ನೂ ಮುಚ್ಚಿ ಮತ್ತೆ ಶುರುಮಾಡಬೇಕು. ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂದು ನೀವು ಅವತ್ತೇ ಮೂಗು ಮುರಿದಿರಿ. ತಮ್ಮ ಹಾಕಿಕೊಟ್ಟದ್ದಕ್ಕೆ ನನ್ನದನ್ನು ತವರುಮನೆ ಎಂದು ಕರೆದಿರಿ. ಗಿರಾಕಿಗಳ ಮುಂದೆಯೂ, ಸ್ವಲ್ಪ ಕೂತ್ಕೊಳ್ಳಿ, ಅವಳು ತವರುಮನೆಗೆ ಹೋಗಿದ್ದಾಳೆ, ಬಂದಮೇಲೆ ಪ್ರಿಂಟ್ ಕೊಡ್ತೀವಿ ಎಂದು ಹೇಳುತ್ತಿದ್ದಿರಿ. ಪಾಪ, ಪಾಸ್‌ಪೋರ್ಟ್ ಫೋಟೋದ ಹೆಂಗಸು ಪಕ್ಕದಲ್ಲೇ ಕೂತಿದ್ದ ನನ್ನನ್ನು ನೋಡಿ, ಅವರು ಯಾವಾಗ ಬರ್ತಾರೆ ಎಂದು ನನ್ನನ್ನೇ ಕೇಳಿದಳು. ನಾನೂ ಸುಮ್ಮನಿರಲಿಲ್ಲ, ನಿಮ್ಮದಕ್ಕೆ ಅತ್ತೆಮನೆ ಎಂದು ಹೆಸರಿಟ್ಟೆ. ಕೆಲಸ ಜಾಸ್ತಿ, ಎಲ್ಲದಕ್ಕೂ ತಡ, ಕೇಳಿದ್ದಕ್ಕೆಲ್ಲ ಒಪ್ಪಿಗೆ ಬೇಕು. ಹೆಸರು ಒಪ್ಪಿತ್ತು.

ಮೇಲಿನ ಸಾಲಿನ ಜಗಳ ನೆನಪಿದೆಯಲ್ಲ? ಸ್ವಿಚ್ ಒತ್ತಿದರೆ ಕಪ್ಪು ಪರದೆಯ ಮೇಲೆ ಎರಡು ಹೆಸರು ಬರುತ್ತವೆ. ಹತ್ತು ಸೆಕೆಂಡಿನಲ್ಲಿ ಯಾರೂ ಏನೂ ಒತ್ತದಿದ್ದರೆ ಮೇಲಿನದು ತಾನಾಗಿ ತೆರೆಯುತ್ತದೆ. ಮೇಲಿದ್ದದ್ದು ನನ್ನದು. ನಿಮಗೋ ಸ್ವಿಚ್ ಒತ್ತಿ ಮುಖ ತೊಳೆಯಲು ಹೋಗುವ ಅಭ್ಯಾಸ. ಬಂದು ನೋಡಿದರೆ ತವರುಮನೆ. ಗೊಣಗುತ್ತಾ ಆರಿಸಿ ಮತ್ತೆ ಹಚ್ಚಿ, ಲೆನ್ಸ್ ಒರೆಸಲು ಎದ್ದು ಹೋಗುವುದು. ಬಂದರೆ ಮತ್ತೆ ತವರುಮನೆ. ಒಂದು ಬಾಣದ ಗುಂಡಿ ಒತ್ತಲು ಹತ್ತು ಸೆಕೆಂಡ್ ಕೂರಲಾರದ ಮನುಷ್ಯ, ಹಠಮಾರಿ ಮಗು ನಗಲಿ ಎಂದು ಅರ್ಧ ಗಂಟೆ ಮಂಡಿಯೂರಿ ಕೂರುತ್ತೀರಿ. ಮೇಲಿನ ಸಾಲು ನನಗೆ ಬಿಡು ಎಂದು ನೀವು ಕೇಳಿದಿರಿ, ನಾನು ಜಪ್ಪಯ್ಯ ಎಂದರೂ ಬಿಡಲಿಲ್ಲ.

ಇನ್ನು ಗಡಿಯಾರ. ಗೋಡೆಯ ಗಡಿಯಾರದ ಬ್ಯಾಟರಿ ಕಿತ್ತು ಮೌಸಿಗೆ ಹಾಕಿದವರು ನೀವೇ. ಆಮೇಲೆ ಸ್ಟುಡಿಯೋದಲ್ಲಿ ಎಲ್ಲಕ್ಕೂ ಕಂಪ್ಯೂಟರಿನ ಗಡಿಯಾರವೇ ಗತಿ. ವೈರಸ್ ಬರುತ್ತದೆಂದು ಅದಕ್ಕೆ ಇಂಟರ್ನೆಟ್ಟೂ ಕೊಡಿಸಲಿಲ್ಲ. ಬೆಳಿಗ್ಗೆ ನಾನು ತೆರೆದರೆ ಎರಡು ಗಂಟೆ ಮುಂದಿರುತ್ತಿತ್ತು. ನೀವು ಹಾಳುಮಾಡಿದ್ದೀರೆಂದು ಬೈದುಕೊಂಡು ಸರಿಮಾಡುತ್ತಿದ್ದೆ. ನಿಮ್ಮ ಸರದಿಯಲ್ಲಿ ಎರಡು ಗಂಟೆ ಹಿಂದೆ ಎಂದು ನೀವು ನನ್ನನ್ನು ಬೈದು ಸರಿಮಾಡುತ್ತಿದ್ದಿರಿ. ಕೊನೆಗೆ ಶಾಲೆಯ ಗ್ರೂಪ್ ಫೋಟೋದ ಹಿಂದಿನ ದಿನ ಜಗಳ ತಾರಕಕ್ಕೇರಿ, ಇನ್ನು ಇಬ್ಬರೂ ಗಡಿಯಾರ ಮುಟ್ಟಬಾರದು ಎಂದು ಆಣೆ ಮಾಡಿದೆವು.

ನಾನು ಮುಟ್ಟಿದೆ, ರೀ. ಬೆಳಿಗ್ಗೆ ಆಲ್ಬಂ ಕೊಡಲು ಹೊರಡುವ ಮೊದಲು ನೋಡಿದರೆ ಮತ್ತೆ ಎರಡು ಗಂಟೆ ಮುಂದಿತ್ತು. ಇವತ್ತು ಶಾಲೆಯ ಕೆಲಸ, ಇವರಿಗೆ ಗಾಬರಿಯಾದೀತು ಎಂದು ನನ್ನ ಕೈಗಡಿಯಾರ ನೋಡಿ ತಿದ್ದಿ ಹೋದೆ. ನಿಮ್ಮ ಫೋನಿನ ಚಾರ್ಜ್ ಅಕ್ಕನ ಜೊತೆ ಮಾತಾಡಿ ಮುಗಿದಿತ್ತು, ಆಕಾಶದಲ್ಲಿ ಮೋಡ. ನಿಮ್ಮ ಅತ್ತೆಮನೆ ತೆರೆದು ಅದರ ಪರದೆಯ ಗಡಿಯಾರವನ್ನೇ ನಂಬಿ, ಇನ್ನೂ ಹೊತ್ತಿದೆ ಎಂದು ನೀವು ನಿಧಾನವಾಗಿ ಬೂಟಿಗೆ ಪಾಲಿಶ್ ಹಾಕಿದಿರಿ. ಶಾಲೆ ಮುಟ್ಟಿದಾಗ ಮಕ್ಕಳು ಸಾಲಾಗಿ ನಿಂತು ನಿಂತು, ಬಾಚಿದ ತಲೆ ಕೆದರಿಕೊಂಡು ತರಗತಿಗೆ ವಾಪಸಾಗಿದ್ದರು. ಎಲ್ಲರೆದುರು ಹೆಡ್ ಮೇಡಂ ನಿಮ್ಮ ಮರ್ಯಾದೆ ತೆಗೆದರು. ನೀವು ಬಂದು, ನೀನು ಬೇಕಂತಲೇ ಮಾಡಿದೆ ಎಂದಿರಿ. ಆ ಮಾತು ನನಗೆ ಚುಚ್ಚಿತು, ಈಗಲೂ ಚುಚ್ಚುತ್ತಿದೆ. ಹೋಗಿ, ನಿಮ್ಮ ಅಕ್ಕನ ಮನೇಲೇ ಗಡಿಯಾರ ನೋಡ್ಕೊಂಡು ಕೂತಿರಿ ಎಂದೆ. ಹೇಳಿದ್ದನ್ನು ಯಾವತ್ತೂ ಕೇಳದವರು ಅವತ್ತೊಂದು ದಿನ ಕೇಳಿಬಿಟ್ಟಿರಿ.

ನೀವು ಹೋದಮೇಲೆ ತಮ್ಮನನ್ನು ಕರೆಸಿದೆ. ಎರಡೂ ಕಡೆ ತೆರೆದು ನೋಡಿದವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಕ್ಕಾ, ಪೆಟ್ಟಿಗೆ ಒಳಗೆ ಇರೋದು ಒಂದೇ ಗಡಿಯಾರ. ಅದರಲ್ಲಿರೋದು ನಮ್ಮೂರಿನ ಟೈಮು ಅಂತ ಭಾವನ ಸಿಸ್ಟಂ ಅಂದ್ಕೊಳ್ಳುತ್ತೆ. ಪ್ರಪಂಚಕ್ಕೆಲ್ಲ ಸೇರಿದ ಟೈಮು ಅಂತ ನಿನ್ನದು ಅಂದ್ಕೊಳ್ಳುತ್ತೆ, ಹಾಕುವಾಗ ನಾನು ನಮ್ಮ ದೇಶ ಆರಿಸೋದು ಮರೆತಿದ್ದಕ್ಕೆ ಬೇರೆ ಯಾವುದೋ ದೇಶದ ಲೆಕ್ಕದಲ್ಲಿ ಎರಡು ಗಂಟೆ ಕೂಡಿಸುತ್ತೆ. ನೀನು ಸರಿ ಮಾಡಿದ್ರೆ ಅವರಿಗೆ ತಪ್ಪು, ಅವರು ಸರಿ ಮಾಡಿದ್ರೆ ನಿನಗೆ ತಪ್ಪು. ಇಬ್ಬರೂ ರಿಪೇರಿ ಮಾಡಿ ಮಾಡೀನೇ ಕೆಡಿಸಿದ್ದೀರಿ."

ಸಿಸ್ಟಂ ಹಾಕಿದ ಮೊದಲ ದಿನವೇ ಇದನ್ನು ಯಾಕೆ ನೋಡಲಿಲ್ಲವೆಂದು ಅವನನ್ನು ಬೈದೆ. ಅವನು ತಲೆ ಕೆರೆದುಕೊಂಡು, ನನ್ನ ಸಿಸ್ಟಂ ನಿಮ್ಮದರ ಹಾಗೆಯೇ ಗಡಿಯಾರ ಓದುವಂತೆ ಬದಲಿಸಿ ಹೋದ. ಈಗ ಎರಡರಲ್ಲೂ ಒಂದೇ ಸಮಯ. ಹೊಂದಿಕೊಂಡದ್ದು ನನ್ನ ಕಡೆಯೇ, ಎಂದಿನಂತೆ. ಇದನ್ನು ಮರೆಯಬೇಡಿ.

ನಿನ್ನೆ ನಿಮ್ಮ ಅಕ್ಕ ಫೋನ್ ಮಾಡಿದ್ದರು. ನೀವು ಅವರ ಮನೆಯ ಗಡಿಯಾರಗಳನ್ನೆಲ್ಲ ಕೆಳಗಿಳಿಸಿ ತಿದ್ದುತ್ತಿದ್ದೀರಂತೆ, ಯಾವುದೂ ಈಗ ನಡೆಯುತ್ತಿಲ್ಲವಂತೆ. ಬೇಗ ಕರೆಸಿಕೊಳ್ಳಮ್ಮ ಎಂದು ಬೇಡಿಕೊಂಡರು. ಇನ್ನೊಂದು ಮಾತೂ ಹೇಳಿದರು. ಆಣೆ ಮಾಡಿದ ರಾತ್ರಿಯೇ ನೀವೂ ಗಡಿಯಾರ ತಿದ್ದಿದ್ದಿರಂತೆ, ಬೆಳಿಗ್ಗೆ ಅವಳು ಆಲ್ಬಂ ಕೊಡಲು ಹೋಗಬೇಕು, ತಡವಾಗದಿರಲಿ ಎಂದು. ಕಳ್ಳರ ಸಂತೆಯಲ್ಲಿ ನಾನೊಬ್ಬಳೇ ಅಲ್ಲ ಎಂದು ಸಮಾಧಾನವಾಯಿತು. ಫೋನ್ ಇಟ್ಟಮೇಲೆ ಸ್ವಲ್ಪ ಅತ್ತೆ. ಸ್ವಲ್ಪವೇ.

ನಾನು ಹೆಡ್ ಮೇಡಂ ಹತ್ತಿರ ಹೋಗಿ ತಪ್ಪು ನಿಮ್ಮದಲ್ಲ, ಪೆಟ್ಟಿಗೆಯದು ಎಂದು ವಿವರಿಸಿದೆ. ಅವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ, ಆದರೆ ಗುರುವಾರ ಬೆಳಿಗ್ಗೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಅದೂ ತಪ್ಪಿದರೆ ಬೇರೆ ಸ್ಟುಡಿಯೋದವರನ್ನು ಕರೆಸುತ್ತಾರಂತೆ. ಕ್ಯಾಮೆರಾ ಹಿಡಿಯಲು ನನಗೂ ಬರುತ್ತದೆ, ನೀವೇ ಕಲಿಸಿದ್ದು. ಆದರೆ ನನ್ನನ್ನು ನೋಡಿದರೆ ಮಕ್ಕಳು ಪರೀಕ್ಷೆಗೆ ಕೂತವರಂತೆ ಮುಖ ಮಾಡುತ್ತಾರೆ. ಅವರನ್ನು ನಗಿಸುವುದು ನಿಮಗೆ ಮಾತ್ರ ಗೊತ್ತು. ಟ್ರೈಪಾಡ್ ಬೇರೆ ನಿಮ್ಮ ಹತ್ತಿರವೇ ಇದೆ. ಅದನ್ನಾದರೂ ಕಳಿಸಿ. ಬೇರೆ ಯಾರದೋ ಕೈಯಲ್ಲಿ ಕಳಿಸಿದರೆ ಮುರಿದಾರು, ನೀವೇ ತಂದರೆ ಒಳ್ಳೆಯದು.

ಇಂತಿ,
ತವರಿಗೂ ಹೋಗದೆ, ಅತ್ತೆಮನೆಯ ಪ್ರಿಂಟರನ್ನೂ ಪಳಗಿಸಲಾಗದೆ ಕೂತಿರುವ
ನಿಮ್ಮವಳು

ತಾ.ಕ.: ಗುರುವಾರ ಬೆಳಿಗ್ಗೆ ಸ್ವಿಚ್ ಒತ್ತಿ ಎಂದಿನಂತೆ ಮುಖ ತೊಳೆಯಲು ಹೋಗಿ, ಏನೂ ಒತ್ತಬೇಕಾಗಿಲ್ಲ. ಮೇಲಿನ ಸಾಲಿಗೆ ನಿಮ್ಮದನ್ನು ಹಾಕಿಸಿದ್ದೇನೆ. ಬಾಣದ ಗುಂಡಿ ನಾನು ಒತ್ತಿಕೊಳ್ಳುತ್ತೇನೆ. ಹತ್ತು ಸೆಕೆಂಡ್ ಕಾಯುವುದನ್ನು ಇನ್ನೂ ಹೆಚ್ಚಿಸಲೇ ಎಂದು ತಮ್ಮ ಕೇಳಿದ. ಬೇಡಪ್ಪ, ಈ ಮನೆಯಲ್ಲಿ ಇಷ್ಟು ದಿನ ಕಾದದ್ದೇ ಸಾಕು ಎಂದೆ.