ಚೌಡಿಕಲ್ಲಿನ ಮುಂದಿನ ಮಾತ್ರೆಗಳು

೧೨ ನವೆಂಬರ್ ೨೦೨೪, ಮಂಗಳವಾರ. ನಗರ, ಹೊಸನಗರ ತಾಲ್ಲೂಕು.

ಹನ್ನೊಂದು ಮಾತ್ರೆ! ಹಿತ್ತಿಲಲ್ಲಿ ಅಮ್ಮ ದೇವಿಯೆಂದು ಪೂಜಿಸುವ ಚೌಡಿಕಲ್ಲಿನ ಮುಂದೆ ವೀಳ್ಯದೆಲೆಯ ಮೇಲೆ ಸಾಲಾಗಿದ್ದವು. ಅಮ್ಮನ ಬೆನ್ನುಮೂಳೆಗೆ ಹತ್ತಿದ ಫಂಗಸ್ ಸೋಂಕಿಗೆ ಕೊಟ್ಟವು. ತಪ್ಪಿಸಿದರೆ ಕಾಲಿನ ಬಲವೇ ಹೋದೀತು ಎಂದು ಡಾಕ್ಟರು ಮೊದಲೇ ಹೇಳಿದ್ದರು.

“ನುಂಗಿದ್ ಮೇಲೆ ಗೋಡೆ ಹತ್ರ ಒಬ್ಳು ಬಂದು ನಿಲ್ತಾಳೆ ಮಗಾ. ಚೌಡಿನೇ ಮಾತ್ರೆ ಕೇಳಕ್ಕೆ ಬಂದಿದಾಳೆ ಅಂತ ಅವ್ಳಿಗೇ ಇಟ್ಟೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ನಿಂಗಾ? ಚೌಡಿ ಅಂದ್ರೆ ಸಾಕು, ಭಾಷಣ ಶುರು ಮಾಡ್ತೀಯ!”

ಕೆಲವರಿಗೆ ಇಲ್ಲದ್ದು ಕಾಣಬಹುದು ಎಂದು ಮಾತ್ರೆ ಪೆಟ್ಟಿಗೆಯೊಳಗಿನ ಚೀಟಿಯಲ್ಲೇ ಅಚ್ಚಾಗಿತ್ತು. ಮೂಢನಂಬಿಕೆಯ ವಿರುದ್ಧ ಹೊಸನಗರದವರೆಗೂ ಕರಪತ್ರ ಹಂಚುವ ನಾನು, ಅಮ್ಮ ಹೆದರಿಯಾಳೆಂದು ಆ ಒಂದು ಸಾಲನ್ನು ಅವಳಿಗೆ ಓದಿ ಹೇಳಿರಲಿಲ್ಲ. ನಾಚಿಕೆಯಾಗುತ್ತಿದೆ.

ಸಂಜೆ ಓದಿ ಹೇಳಿದೆ. ಫೋನ್ ಮಾಡಿದಾಗ ಡಾಕ್ಟರು, ನಾಳೆಯೇ ಕರೆತನ್ನಿ, ಇವತ್ತಿನದನ್ನು ಮಾತ್ರ ತಪ್ಪಿಸಬೇಡಿ ಎಂದರು. ಅಮ್ಮ ನನ್ನ ಕೈ ಹಿಡಿದುಕೊಂಡೇ ನುಂಗಿದಳು.

ಈಗ ಹಾಸಿಗೆಯಿಂದ ಇತ್ತಲೇ ನೋಡುತ್ತಿದ್ದಾಳೆ.

“ಬಂದ್ಲಾ?” ಎಂದೆ.

“ಹ್ಞೂಂ. ನಿನ್ ಹಿಂದೇ ನಿಂತು ನೀ ಬರೆಯೋದ್ ಓದ್ತಿದಾಳೆ.”

ಅದು ಮಾತ್ರೆಯ ಕೆಲಸ. ಚೀಟಿಯಲ್ಲಿದೆ. ತಿರುಗಿ ನೋಡುವ ಅಗತ್ಯವೇ ಇಲ್ಲ. ಆದರೂ ಎಡಗೈಯಲ್ಲಿ ಪುಟ ಮುಚ್ಚಿಕೊಂಡು ಬರೆಯುತ್ತಿದ್ದೇನೆ.